ಕಾಲು ತೆಗೆಯುವ ದಿನವೇ ಮುಂದಿನ ಕಾಲಿನ ಯೋಚನೆ ಆಗಲಿ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರ್ಕಾರ.

ನಮಸ್ಕಾರ ಸರ್.

ನಾನು ಪಾಂಡವಪುರ ತಾಲ್ಲೂಕಿನವನು. ನಮ್ಮದು ಕಬ್ಬು, ಭತ್ತ ಬೆಳೆಯುವ ಮನೆ. ಟ್ರ್ಯಾಕ್ಟರ್ ಅಪಘಾತದಲ್ಲಿ ಬಲಗಾಲು ಹೋಯಿತು, ಮಂಡಿಯ ಮೇಲಿಂದ. ನನಗೊಂದು ಕಾಲು ಕೊಡಿಸಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಇವತ್ತಲ್ಲ ನಾಳೆ ಯಾರದೋ ಕಾಲು ತೆಗೆಯುವ ಆಪರೇಷನ್ ಇದ್ದೇ ಇರುತ್ತದೆ. ಆ ಆಪರೇಷನ್ ಹೇಗೆ ಆಗಬೇಕು ಅನ್ನುವುದರ ಬಗ್ಗೆ ಬರೆಯುತ್ತಿದ್ದೇನೆ. ಎರಡೂ ಆಸ್ಪತ್ರೆ ನಿಮ್ಮ ಇಲಾಖೆಯ ಕಾಲೇಜುಗಳಿಗೆ ಸೇರಿದವು. ಅದಕ್ಕೇ ನಿಮಗೆ ಬರೆದೆ.

2025ರ ಜುಲೈನಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯವರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಮಂಡಿಯ ಮೇಲಿಂದ ಕಾಲು ಕಳೆದುಕೊಂಡ ಇಬ್ಬರಿಗೆ ಅವರು ತೊಡೆಮೂಳೆಯ ಒಳಗೇ ಟೈಟಾನಿಯಂ ಸಲಾಕೆ ಕೂರಿಸಿ, ಅದಕ್ಕೆ ಮೋಟಾರ್ ಮಂಡಿ ಜೋಡಿಸಿದ್ದರು. ಉಳಿದ ತೊಡೆಯ ಸ್ನಾಯುಗಳಿಂದ 16 ತಂತಿಗಳು ಆ ಸಲಾಕೆಯೊಳಗಿಂದ ಹೊರಬಂದು ಮಂಡಿಯನ್ನು ನಡೆಸುವ ಯಂತ್ರಕ್ಕೆ ಸೇರುತ್ತವೆ. ಮನಸ್ಸಿನಲ್ಲಿ ಮಂಡಿ ಮಡಚಿದರೆ ಯಂತ್ರದ ಮಂಡಿ ಮಡಚುತ್ತದೆ. ಅವರು ಮೆಟ್ಟಿಲು ಹತ್ತಿದರು, ದಾರಿಗಡ್ಡ ಇಟ್ಟದ್ದನ್ನು ದಾಟಿದರು. ಅದು ತಮ್ಮ ಮೈಯ ಭಾಗವೇ ಅನ್ನಿಸುತ್ತದೆ ಅಂತಲೂ ಹೇಳಿದರು.

ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ, ದುಡ್ಡು ಕೊಟ್ಟರೆ ಸಿಗುವ ವಸ್ತುವಲ್ಲ. ಹಾಗಿದ್ದ ಮೇಲೆ ಮಂಡ್ಯದಲ್ಲಿ ಕೂತವನು ಅದರ ಬಗ್ಗೆ ಯಾಕೆ ಬರೆಯಬೇಕು? ಅದರ ಒಂದು ಭಾಗ, ನನ್ನ ಲೆಕ್ಕದಲ್ಲಿ ಅತಿ ಮುಖ್ಯ ಭಾಗ, ಹೊರದೇಶದಿಂದ ತರಿಸಬೇಕಾದ ಯಂತ್ರವೇ ಅಲ್ಲ. ಅದು ಆಪರೇಷನ್ ಮಾಡುವ ಕ್ರಮ.

ಮೊದಲು ನಾವು ಈಗ ಹಾಕಿಕೊಂಡಿರುವ ಕಾಲಿನ ಬಗ್ಗೆ ಹೇಳಿಬಿಡುತ್ತೇನೆ. ತೊಡೆಯಿಂದ ಕೆಳಗಿನ ಕೃತಕ ಕಾಲು ನಿಂತಿರುವುದೇ ಸಾಕೆಟ್ ಮೇಲೆ. ಮೋಟುಗಾಲನ್ನು ಒಂದು ಗಟ್ಟಿ ಬಟ್ಟಲೊಳಗೆ ತೂರಿಸಿ ಬಿಗಿಯುವುದು, ಅಷ್ಟೇ. ಮೈಭಾರವನ್ನೆಲ್ಲ ಹೊರುವುದು ತೊಡೆಯ ಚರ್ಮ ಮತ್ತು ಮಾಂಸ. ಏಪ್ರಿಲ್ ಬಿಸಿಲಿನಲ್ಲಿ ಅರ್ಧ ಗಂಟೆ ನಡೆದರೆ ಒಳಗೆಲ್ಲ ಬೆವರು. ಬೆಳಿಗ್ಗೆ ಬಿಗಿಯಾಗಿದ್ದದ್ದು ಸಂಜೆ ಹೊತ್ತಿಗೆ ಸಡಿಲ, ಯಾಕೆಂದರೆ ಮೋಟುಗಾಲಿನ ಗಾತ್ರ ದಿನವಿಡೀ ಒಂದೇ ಇರುವುದಿಲ್ಲ. ಊಟಕ್ಕೆ ನೆಲದ ಮೇಲೆ ಕೂತರೆ ಸಾಕೆಟ್ಟಿನ ಅಂಚು ತೊಡೆಸಂದಿಗೆ ಒತ್ತುತ್ತದೆ. ಚರ್ಮ ಸುಲಿಯಿತೋ, ಗಾಯ ಮಾಯುವ ತನಕ ಕಾಲು ಮೂಲೆಯಲ್ಲಿ, ನಾವು ಊರುಗೋಲಿನ ಮೇಲೆ. ಕಟಾವಿನ ಕಾಲದಲ್ಲೇ ಹೀಗಾದರೆ ಮನೆಯ ಗತಿ ಏನು ಅಂತ ನೀವೇ ಯೋಚಿಸಿ.

ಇದಕ್ಕಿಂತ ದೊಡ್ಡ ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ. ನೆಲ ಗೊತ್ತಾಗುವುದಿಲ್ಲ ಸರ್. ಗದ್ದೆ ಬದುವಿನ ಮೇಲೆ ಹೋಗುವಾಗ ಕಣ್ಣು ಕೆಳಗೇ ಇರಬೇಕು. ಪಾದ ಮಣ್ಣಿನ ಮೇಲಿದೆಯೋ ಕಲ್ಲಿನ ಮೇಲಿದೆಯೋ, ಮಂಡಿ ನೇರವಾಗಿದೆಯೋ ಅರ್ಧ ಮಡಚಿದೆಯೋ, ನೋಡದೆ ತಿಳಿಯದು. ಕತ್ತಲಾದರೆ ಮುಗಿಯಿತು. ಇದರ ಜೊತೆಗೆ ಇಲ್ಲದ ಪಾದ ರಾತ್ರಿ ಉರಿಯುತ್ತದೆ. ಬೆರಳುಗಳು ಒಳಕ್ಕೆ ಮಡಚಿಕೊಂಡು ಬಿಡಿಸಲು ಆಗದ ಹಾಗೆ ನೋವು. ಹೇಳಿದರೆ ಮನೆಯವರಿಗೇ ನಂಬುವುದು ಕಷ್ಟ.

ಜೈಪುರ ಕಾಲಿನ ಬಗ್ಗೆ ನಾನು ಹಗುರವಾಗಿ ಮಾತಾಡುವವನಲ್ಲ. 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ಸೇರಿ ಮಾಡಿದ ಆ ಪಾದ ನಮ್ಮ ಬದುಕಿಗೆ ಹೊಂದಿಕೊಂಡೇ ಹುಟ್ಟಿದ್ದು. ಚಪ್ಪಲಿ ಇಲ್ಲದೆ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಕೆಸರಿಗೆ ಇಳಿಯಬಹುದು. ಲಕ್ಷಾಂತರ ಜನ ಅದರಿಂದ ಎದ್ದು ನಿಂತಿದ್ದಾರೆ. ನಾನೂ ಅವರಲ್ಲೊಬ್ಬ. ಆದರೆ ಎಷ್ಟು ಒಳ್ಳೆಯ ಪಾದ ಆದರೂ ಅದು ನೇತಾಡುವುದು ಸಾಕೆಟ್ಟಿನ ಕೆಳಗೇ ಅಲ್ವಾ. ಸಾಕೆಟ್ಟಿನ ಕಷ್ಟ, ನೆಲ ಗೊತ್ತಾಗದ ಕಷ್ಟ ಹಾಗೇ ಉಳಿದಿದೆ.

ಸಾಕೆಟ್ ಬಿಟ್ಟು ಮೂಳೆಗೇ ಕಾಲು ಜೋಡಿಸುವ ಯೋಚನೆ ಬಂದದ್ದು ಸ್ವೀಡನ್‌ನಲ್ಲಿ. 1950ರ ದಶಕದಲ್ಲಿ ಪರ್ ಇಂಗ್ವಾರ್ ಬ್ರೋನೆಮಾರ್ಕ್ ಅನ್ನುವ ವಿಜ್ಞಾನಿ ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಚೂರು ಕೂರಿಸಿ ರಕ್ತಸಂಚಾರ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಮೂಳೆ ಅದರ ಸುತ್ತ ಬೆಳೆದು ಬೆಸೆದುಕೊಂಡಿತ್ತು. ಮೊದಲು ಇದು ಹಲ್ಲಿಗೆ ಬಂತು, 1965ರಲ್ಲಿ. ಆಮೇಲೆ 1977ರಲ್ಲಿ ಕಿವಿಯ ಹಿಂದಿನ ಮೂಳೆಗೆ ಕೂರಿಸುವ ಶ್ರವಣ ಸಾಧನ ಬಂತು. 1990ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಅವರ ಮಗ ರಿಕಾರ್ಡ್ ಬ್ರೋನೆಮಾರ್ಕ್ ಮತ್ತು ಜೊತೆಯವರು ಇದನ್ನು ತೊಡೆಮೂಳೆಗೆ ತಂದರು. 2020ರ ಡಿಸೆಂಬರ್‌ನಲ್ಲಿ, ಔಷಧ ಮತ್ತು ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದಕ್ಕೆ ಪೂರ್ಣ ಒಪ್ಪಿಗೆ ಕೊಟ್ಟಿತು. ಹಲ್ಲು ಕೂರಿಸುವ ಇಂಪ್ಲಾಂಟ್ ಮೈಸೂರಿನ ಎಷ್ಟೊಂದು ದಂತ ಕ್ಲಿನಿಕ್‌ಗಳಲ್ಲಿ ದಿನವೂ ನಡೆಯುತ್ತದೆ. ಅದರ ಬೇರೂ ಇದೇ ಮೊಲದ ಮೂಳೆಯಲ್ಲಿದೆ.

ಹೀಗೆ ಮೂಳೆಗೇ ಜೋಡಿಸಿದ ಕಾಲು ಹಾಕಿಕೊಂಡವರು ಹೇಳುವ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ತಂತಿ, ಕಂಪ್ಯೂಟರ್ ಏನೂ ಇಲ್ಲದಿದ್ದರೂ ಕಾಲು ನೆಲಕ್ಕೆ ತಾಗಿದ ಅದುರು ಮೂಳೆಯ ಮೂಲಕ ಮೇಲಕ್ಕೆ ಬರುತ್ತದಂತೆ. ಗಟ್ಟಿ ನೆಲವೋ ಮೆತ್ತನೆಯದೋ ಅನ್ನುವ ಅಂದಾಜು ಸಿಗುತ್ತದಂತೆ. ಜೊತೆಗೆ, ಕೂರುವಾಗ ತೊಡೆಸಂದಿಗೆ ಒತ್ತಲು ಅಲ್ಲಿ ಏನೂ ಇರುವುದಿಲ್ಲ.

ಇನ್ನು ಆಪರೇಷನ್ನಿನ ಕ್ರಮಕ್ಕೆ ಬರುತ್ತೇನೆ. ಇದನ್ನೇ ಹೇಳಲು ಇಷ್ಟು ಬರೆದದ್ದು.

ನಮ್ಮ ಕಾಲಿನಲ್ಲಿ ಸ್ನಾಯುಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಮುಂದಿನದು ಬಿಗಿಯಾದರೆ ಹಿಂದಿನದು ಹಿಗ್ಗುತ್ತದೆ, ಹಿಂದಿನದು ಬಿಗಿಯಾದರೆ ಮುಂದಿನದು. ಆ ಎಳೆತದ ಸುದ್ದಿ ನರಗಳ ಮೂಲಕ ಮೆದುಳಿಗೆ ಹೋಗುತ್ತಲೇ ಇರುತ್ತದೆ. ಕಣ್ಣು ಮುಚ್ಚಿಕೊಂಡರೂ ನಿಮ್ಮ ಮಂಡಿ ಎಷ್ಟು ಮಡಚಿದೆ ಅಂತ ನಿಮಗೆ ಗೊತ್ತಾಗುವುದು ಇದರಿಂದ. ಸಾಮಾನ್ಯವಾಗಿ ಕಾಲು ತೆಗೆಯುವಾಗ ಈ ಸ್ನಾಯುಗಳನ್ನು ಕತ್ತರಿಸಿ, ಮೂಳೆಯ ತುದಿಗೆ ಮೆತ್ತೆಯಾಗುವಂತೆ ಹೊಲಿದುಬಿಡುತ್ತಾರೆ. ಜೋಡಿ ಮುರಿಯುತ್ತದೆ. ಮೆದುಳು ಪಾದ ಆಡಿಸು ಅನ್ನುತ್ತದೆ, ಸ್ನಾಯು ಬಿಗಿಯುತ್ತದೆ, ಆದರೆ ವಾಪಸ್ ಬರುವ ಸುದ್ದಿ ಸರಿಯಾಗಿರುವುದಿಲ್ಲ.

ಎಂಐಟಿಯ ಸಂಶೋಧಕ ಹ್ಯೂ ಹರ್ ಮತ್ತು ಬಾಸ್ಟನ್ನಿನ ಸರ್ಜನ್ನರು ಬೇರೆ ದಾರಿ ಹಿಡಿದರು. ಕಾಲು ತೆಗೆಯುವಾಗಲೇ ಮುಂದಿನ ಸ್ನಾಯುವನ್ನೂ ಹಿಂದಿನ ಸ್ನಾಯುವನ್ನೂ ಒಂದಕ್ಕೊಂದು ಹೊಲಿಯುತ್ತಾರೆ. ತೆಗೆದ ಕಾಲಿನ ಪಾದದ ಕೀಲಿನಿಂದಲೇ ಒಂದು ಚಿಕ್ಕ ಭಾಗ ಉಳಿಸಿಕೊಂಡು ಮೂಳೆಗೆ ಕೂರಿಸುತ್ತಾರೆ. ಬಾವಿಯ ರಾಟೆಯ ಮೇಲೆ ಹಗ್ಗ ಓಡುವ ಹಾಗೆ, ಹೊಲಿದ ಜೋಡಿ ಅದರ ಮೇಲೆ ಆ ಕಡೆ ಈ ಕಡೆ ಜಾರುತ್ತದೆ. ಒಂದು ಎಳೆದರೆ ಇನ್ನೊಂದು ಹಿಗ್ಗುತ್ತದೆ. ಮೆದುಳಿಗೆ ಸುದ್ದಿ ಮತ್ತೆ ಬರಲು ಶುರುವಾಗುತ್ತದೆ. ಡಾಕ್ಟರುಗಳು ಇದನ್ನು ಎಎಂಐ ಅನ್ನುತ್ತಾರೆ. ಮೊದಲ ಆಪರೇಷನ್ ಆದದ್ದು 2016ರಲ್ಲಿ, ಮಂಡಿಯ ಕೆಳಗೆ ಕಾಲು ತೆಗೆದವರಿಗೆ.

2024ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಇದರ ಫಲ ಬಂತು. ಈ ಆಪರೇಷನ್ ಆಗಿದ್ದ 7 ಜನ, ಹಳೆಯ ಕ್ರಮದಲ್ಲಿ ಆಗಿದ್ದ 7 ಜನ. ಎರಡೂ ಗುಂಪಿಗೆ ಸ್ನಾಯುವಿನ ಸಂಕೇತದಿಂದ ನಡೆಯುವ ಮೋಟಾರ್ ಪಾದ ಕೊಟ್ಟು ನೋಡಿದರು. ಎಎಂಐ ಆದವರ ಗರಿಷ್ಠ ನಡಿಗೆಯ ವೇಗ ಶೇ 41ರಷ್ಟು ಜಾಸ್ತಿ. ಎರಡೂ ಕಾಲು ಸರಿ ಇರುವವರ ವೇಗಕ್ಕೆ ಹತ್ತಿರ. ನರದ ಸುದ್ದಿ ಪೂರ್ತಿಯಾಗಿ ವಾಪಸ್ ಬಂದಿರಲಿಲ್ಲ, ಸಹಜ ಕಾಲಿನ ಶೇ 18ರಷ್ಟು ಮಾತ್ರ. ಅಷ್ಟೇ ಸಾಕಾಗಿತ್ತು. ಈ ಆಪರೇಷನ್ ಆದವರಿಗೆ ನೋವೂ ಕಡಿಮೆ, ಸ್ನಾಯು ಸೊರಗುವುದೂ ಕಡಿಮೆ.

ಸರ್, ಇಲ್ಲಿ ದಯವಿಟ್ಟು ಒಂದು ಕ್ಷಣ ನಿಲ್ಲಿ. ಈ ಆಪರೇಷನ್ನಿಗೆ ಬೇಕಾದ ಮುಖ್ಯ ಸಾಮಗ್ರಿ ರೋಗಿಯ ಕಾಲಿನಲ್ಲೇ ಇದೆ. ಸ್ನಾಯು ಅವನದೇ, ರಾಟೆಯೂ ಅವನದೇ. ಬೇಕಾದದ್ದು ಕಲಿತ ಕೈ, ಸ್ವಲ್ಪ ಜಾಸ್ತಿ ಸಮಯ, ಮತ್ತು ಕತ್ತರಿಸುವ ಮೊದಲು ಮಾಡಿಟ್ಟ ಯೋಜನೆ. ಮೋಟಾರ್ ಪಾದ ಬರಲು ಇನ್ನೂ ಹತ್ತು ವರ್ಷ ಹಿಡಿಯಲಿ. ಇವತ್ತು ಸರಿಯಾಗಿ ಹೊಲಿದ ಕಾಲು ಅವತ್ತಿಗೆ ಸಿದ್ಧವಾಗಿರುತ್ತದೆ. ಇವತ್ತು ಹಳೆಯ ಕ್ರಮದಲ್ಲಿ ಹೊಲಿದರೆ ಆ ಮನುಷ್ಯ ಮತ್ತೊಮ್ಮೆ ಕತ್ತಿಯ ಕೆಳಗೆ ಮಲಗಬೇಕು. ಹಾಗೆ ಎರಡನೇ ಸಲ ಸರಿಪಡಿಸುವ ವಿಧಾನವೂ ಇದೆ ನಿಜ. ಆದರೆ ಮೊದಲ ಸಲವೇ ಆಗುವಂಥದ್ದನ್ನು ಸುಮ್ನೆ ಯಾಕೆ ಮುಂದೂಡಬೇಕು?

ನನ್ನ ಕಾಲು ತೆಗೆದ ಆಸ್ಪತ್ರೆಯಲ್ಲಿ ಆ ರಾತ್ರಿ ಇಷ್ಟು ಹೇಳಿದರು: “ಕಾಲು ತೆಗೀಬೇಕು, ಇಲ್ಲಿ ಸಹಿ ಹಾಕಿ.” ಜೀವ ಉಳಿಸಿದರು, ಆ ಋಣ ಇದೆ. ಆದರೆ ಎಷ್ಟು ಉದ್ದ ಉಳಿಸುತ್ತಾರೆ, ಮುಂದೆ ಯಾವ ಕಾಲು ಹಾಕಬಹುದು, ನರಗಳನ್ನು ಏನು ಮಾಡುತ್ತಾರೆ, ಯಾವುದನ್ನೂ ಯಾರೂ ಹೇಳಲಿಲ್ಲ. ಕೃತಕ ಕಾಲು ಮಾಡುವವರ ಮುಖ ನೋಡಿದ್ದು ತಿಂಗಳುಗಳಾದ ಮೇಲೆ, ಒಂದು ಶಿಬಿರದಲ್ಲಿ. ಸರದಿಯಲ್ಲಿ ನಿಲ್ಲಿಸಿ ಅಳತೆ ತೆಗೆದುಕೊಂಡರು, ಕಾಲು ಕೊಟ್ಟರು, ಫೋಟೊ ತೆಗೆದರು. ಸಾಕೆಟ್ ಸಡಿಲವಾದಾಗ ಎಲ್ಲಿಗೆ ಹೋಗಬೇಕು ಅಂತ ಕೇಳಿದರೆ ಮುಂದಿನ ಶಿಬಿರಕ್ಕೆ ಬನ್ನಿ ಅಂದರು. ನಮ್ಮ ತಾಲ್ಲೂಕಿನಲ್ಲಿ ಕಾಲು ಬಿಚ್ಚಿ ಅಟ್ಟಕ್ಕೆ ಹಾಕಿ ಊರುಗೋಲಿನಲ್ಲೇ ಓಡಾಡುವವರನ್ನು ನಾನು ಬಲ್ಲೆ. ಅವರಿಗೆ ಕಾಲು ಸಿಕ್ಕಿದೆ ಅಂತ ಕಡತದಲ್ಲಿ ಬರೆದಿರುತ್ತದೆ.

ನಮ್ಮ ಕಡೆ ಕಾಲು ಹೋಗುವುದು ಎರಡು ದಾರಿಯಲ್ಲಿ. ಒಂದು ಅಪಘಾತ. ಬೆಂಗಳೂರು–ಮೈಸೂರು ದಶಪಥ 2023ರಲ್ಲಿ ತೆರೆದಾಗ ಏನಾಯಿತು ಅಂತ ನಿಮಗೆ ಗೊತ್ತು. ಅಪಘಾತಗಳು ಹೆಚ್ಚಿ, ಅದೇ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಅಲ್ಲಿ ಪ್ರವೇಶ ನಿಲ್ಲಿಸಬೇಕಾಯಿತು. ಹೀಗೆ ಕಾಲು ಕಳೆದುಕೊಳ್ಳುವವರು ಹೆಚ್ಚಾಗಿ ದುಡಿಯುವ ವಯಸ್ಸಿನವರು. ಹೊಸ ವಿಧಾನದ ಲಾಭ ಪಡೆಯಬಲ್ಲವರೂ ಅವರೇ.

ಎರಡನೆಯದು ಶುಗರ್. ಅಂಗಾಲಿನಲ್ಲಿ ಒಂದು ಗುಳ್ಳೆ, ಅದು ಹುಣ್ಣು, ಆಮೇಲೆ ಗ್ಯಾಂಗ್ರೀನ್. ಇಲ್ಲಿ ನಾನು ನೇರವಾಗಿ ಹೇಳಬೇಕು. ಶುಗರ್‌ನಿಂದ ರಕ್ತನಾಳ ಕೆಟ್ಟವರಿಗೆ ಮೂಳೆಗೆ ಸಲಾಕೆ ಕೂರಿಸುವುದನ್ನು ಡಾಕ್ಟರುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಗಾಯ ಮಾಯುವುದಿಲ್ಲ, ಸೋಂಕು ಬೇಗ ಹಿಡಿಯುತ್ತದೆ. ಅವರಿಗೆ ಬೇಕಾದದ್ದು ಕಾಲು ಹೋಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್ ರೋಗಿಯ ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡುವ ಒಬ್ಬರು ಇರಬೇಕು. ಅದು ಇನ್ನೊಂದು ಪತ್ರದ ವಿಷಯ, ಆದರೂ ಇಲ್ಲಿ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಸೋಂಕಿನ ಮಾತು ಅಪಘಾತದವರಿಗೂ ಇದೆ. ಸಲಾಕೆ ಚರ್ಮ ದಾಟಿ ಹೊರಗೆ ಬರುತ್ತದಲ್ಲ, ಆ ತೂತು ಯಾವತ್ತೂ ಮುಚ್ಚುವುದಿಲ್ಲ. ದಿನವೂ ಶುಚಿ ಮಾಡಬೇಕು. ಸ್ವೀಡನ್ನಿನಲ್ಲಿ 51 ಜನರನ್ನು 5 ವರ್ಷ ಗಮನಿಸಿದ ಅಧ್ಯಯನದಲ್ಲಿ ಸಲಾಕೆ ಉಳಿದ ಪ್ರಮಾಣ ಶೇ 92. ಆದರೆ 34 ಜನಕ್ಕೆ ಚರ್ಮದ ಸೋಂಕು ಆಗಿತ್ತು, 11 ಜನಕ್ಕೆ ಒಳಗಿನವರೆಗೂ ಹೋಗಿತ್ತು. ಅದು ಸ್ವೀಡನ್. ನಮ್ಮಲ್ಲಿ ಬೆಳಿಗ್ಗೆ ಎದ್ದರೆ ಕೊಟ್ಟಿಗೆ, ಆಮೇಲೆ ವಿ.ಸಿ. ನಾಲೆಯ ನೀರು ನಿಂತ ಗದ್ದೆ. ಸಗಣಿ, ಕೆಸರು, ಬೆವರು. ನಾಟಿ ಮಾಡುವವನಿಗೆ ಈ ಕಾಲು ಸರಿಹೋಗುತ್ತದೆ ಅಂತ ನಾನು ಹೇಳಲಾರೆ. ಅವನಿಗೆ ಒಳ್ಳೆಯ ಸಾಕೆಟ್, ಒಳ್ಳೆಯ ಮಂಡಿ, ಜೈಪುರ ಪಾದವೇ ಮೇಲು ಇರಬಹುದು. ಅಂಗಡಿಯಲ್ಲಿ ಕೂರುವವಳಿಗೆ, ಕಾಲೇಜಿಗೆ ಹೋಗುವ ಹುಡುಗನಿಗೆ, ಪಾಠ ಮಾಡುವ ಮೇಷ್ಟ್ರಿಗೆ ಮೂಳೆಗೆ ಜೋಡಿಸುವ ಕಾಲು ಹೊಂದಬಹುದು. ಯಾರಿಗೆ ಯಾವುದು ಅಂತ ತೀರ್ಮಾನಿಸಲು ನಮ್ಮ ನೆಲದಲ್ಲೇ ನೋಡಿ ಬರೆದಿಟ್ಟ ಅನುಭವ ಬೇಕು. ಬೇರೆ ದೇಶದ ಅಂಕಿಗಳನ್ನು ನೆಚ್ಚಿಕೊಂಡು ನಮ್ಮವರ ತೊಡೆಗೆ ಸಲಾಕೆ ಹಾಕಬಾರದು.

ಇಷ್ಟೆಲ್ಲ ನಮ್ಮಂಥವರಿಗೆ ಎಲ್ಲಿ ಸಾಧ್ಯ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಅವರಿಗೆ ಮಾನಸಗಂಗೋತ್ರಿಯ ಪಕ್ಕದಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ತೋರಿಸಿ. 1965ರಿಂದ ಮೈಸೂರಿನಲ್ಲಿದೆ. ಹುಟ್ಟಾ ಕಿವಿ ಕೇಳಿಸದ ಮಗುವಿನ ಕಿವಿಯೊಳಗೆ ಎಲೆಕ್ಟ್ರೋಡ್ ಇಟ್ಟು, ನೇರವಾಗಿ ನರಕ್ಕೆ ಶಬ್ದ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಒಂದು ಕಾಲಕ್ಕೆ ದುಡ್ಡಿದ್ದವರ ಚಿಕಿತ್ಸೆಯಾಗಿತ್ತು. 2014ರಲ್ಲಿ, ವಿಕಲಚೇತನರಿಗೆ ಸಾಧನ ಕೊಡಿಸಲು ನೆರವಾಗುವ ಕೇಂದ್ರದ ಅಡಿಪ್ ಯೋಜನೆಯ ನಿಯಮ ಬದಲಾಯಿತು. ಒಂದು ಮಗುವಿಗೆ 6 ಲಕ್ಷ ರೂಪಾಯಿಯವರೆಗೆ ಸರ್ಕಾರವೇ ಕೊಡುವ ಹಾಗಾಯಿತು. ಇವತ್ತು ಕೂಲಿ ಮಾಡುವವರ ಮಕ್ಕಳೂ ಕೇಳಿಸಿಕೊಂಡು ಮಾತು ಕಲಿಯುತ್ತಿದ್ದಾರೆ. ಆಪರೇಷನ್ ಆದ ಮೇಲೆ ತರಬೇತಿ ಬೇಕು, ಸಂಸ್ಥೆ ಬೇಕು, ವರ್ಷಗಟ್ಟಲೆ ಹಿಂದೆ ನಿಲ್ಲುವವರು ಬೇಕು ಅನ್ನುವುದೂ ಮೈಸೂರಿಗೆ ಗೊತ್ತಿದೆ. ನರಕ್ಕೆ ಯಂತ್ರ ಜೋಡಿಸುವುದು ನಮ್ಮ ಊರಿಗೆ ಹೊಸತಲ್ಲ. ಕಿವಿಗೆ ಆದದ್ದು ಕಾಲಿಗೂ ಆಗಲಿ ಅಂತ ಕೇಳುತ್ತಿದ್ದೇನೆ.

ನರಕ್ಕೆ ಸ್ಪರ್ಶ ಮುಟ್ಟಿಸುವ ಕೆಲಸ ಕಾಲಿನಲ್ಲೂ ಆಗಿದೆ. 2019ರಲ್ಲಿ ಜ್ಯೂರಿಕ್‌ನ ಸ್ಟಾನಿಸಾ ರಾಸ್ಪೊಪೊವಿಚ್ ತಂಡ ಇಬ್ಬರ ತೊಡೆಯ ನರಕ್ಕೆ ಎಲೆಕ್ಟ್ರೋಡ್ ಹಾಕಿ, ಕೃತಕ ಪಾದದ ಅಡಿಗೆ ಸೆನ್ಸರ್ ಅಂಟಿಸಿತು. ಅವರು ಮರಳಿನ ಮೇಲೆ ಬೇಗ ನಡೆದರು, ಸುಸ್ತು ಕಡಿಮೆಯಾಯಿತು, ಇಲ್ಲದ ಕಾಲಿನ ನೋವೂ ಇಳಿಯಿತು. ಆ ನೋವು ಇಳಿಯಿತು ಅನ್ನುವ ಒಂದು ವಾಕ್ಯವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ.

ನಿಮ್ಮಿಂದ ಏನಾಗಬೇಕು ಅಂತ ಹೇಳುತ್ತೇನೆ. 1924ರಲ್ಲಿ ಶುರುವಾಗಿ ನೂರು ವರ್ಷ ದಾಟಿದ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ, ಕೆ.ಆರ್. ಆಸ್ಪತ್ರೆಯ ಜೊತೆಗೆ, ಕಾಲು ಕಳೆದುಕೊಳ್ಳುವವರಿಗಾಗಿಯೇ ಒಂದು ಘಟಕ ತೆರೆಯಿರಿ. ಮೂಳೆ ಡಾಕ್ಟರು, ಪ್ಲಾಸ್ಟಿಕ್ ಸರ್ಜನ್, ಫಿಸಿಯೊ, ಕೃತಕ ಕಾಲು ಮಾಡುವವರು ಅಲ್ಲಿ ಒಟ್ಟಿಗೆ ಕೂರಬೇಕು. ಜೀವಕ್ಕೆ ತಕ್ಷಣದ ಅಪಾಯ ಇಲ್ಲದ ಪ್ರತಿ ಕೇಸಿನಲ್ಲೂ ಕತ್ತರಿಸುವ ಮೊದಲೇ ರೋಗಿಯ ಜೊತೆ ಮಾತಾಡಬೇಕು. ತುರ್ತಿನಲ್ಲಿ ಬಂದವರಿಗೆ ಮೊದಲು ಜೀವ ಉಳಿಸಿ, ಮೋಟುಗಾಲನ್ನು ಸರಿಪಡಿಸುವ ಎರಡನೇ ಆಪರೇಷನ್ನಿನ ಬಗ್ಗೆ ಆಮೇಲೆ ಹೇಳಬೇಕು. ಮೈಸೂರು, ಮಂಡ್ಯದಿಂದ ಕೆಲವು ಯುವ ಸರ್ಜನ್ನರನ್ನು ಈ ಸ್ನಾಯು ಜೋಡಿಸುವ ವಿಧಾನ ಕಲಿಯಲು ಸರ್ಕಾರದ ಖರ್ಚಿನಲ್ಲಿ ಕಳಿಸಿ. ವಾಪಸ್ ಬಂದವರು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಲಿಸಲಿ. ಕಾಲು ತೆಗೆಯುವುದನ್ನು ಎಲ್ಲರಿಗಿಂತ ಕಿರಿಯರಿಗೆ ಬಿಟ್ಟುಬಿಡುವ ರೂಢಿ ಎಲ್ಲೇ ಇರಲಿ, ನಿಲ್ಲಬೇಕು.

ಸಾಕೆಟ್ ದುರಸ್ತಿಗೆ ಶಿಬಿರ ಕಾಯುವ ಹಾಗಿರಬಾರದು. ಮಿಮ್ಸ್‌ನಲ್ಲಿ ವಾರವಿಡೀ ತೆರೆದಿರುವ ಒಂದು ವರ್ಕ್‌ಶಾಪ್ ಸಾಕು. ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಿಗೆ ಒಂದು ಕೆಲಸ ವಹಿಸಿ: ಕಾಲು ಪಡೆದವರು ಅದನ್ನು ಹಾಕಿಕೊಳ್ಳುತ್ತಿದ್ದಾರಾ, ಇಲ್ಲದಿದ್ದರೆ ಯಾಕೆ, ಅಂತ ಕೇಳಿ ಬರೆದುಕೊಳ್ಳಲಿ. ಮೂಳೆಗೆ ಕಾಲು ಜೋಡಿಸುವುದನ್ನು ಆ ದಾಖಲೆ ಕೈಗೆ ಬಂದ ಮೇಲೆ, ಒಂದೇ ಒಂದು ಕೇಂದ್ರದಲ್ಲಿ, ಸರಿಯಾಗಿ ಆರಿಸಿದ ಕೆಲವರಿಗೆ ಶುರು ಮಾಡಿ. ಸೋಂಕಾದರೆ ಯಾವ ಹೊತ್ತಿನಲ್ಲೂ ನೋಡಿಕೊಳ್ಳುವ ಹೊಣೆ ಆ ಕೇಂದ್ರದ್ದೇ ಆಗಿರಲಿ. ಕಾಕ್ಲಿಯರ್ ಇಂಪ್ಲಾಂಟ್ ಮಾದರಿಯಲ್ಲಿ ಅಡಿಪ್‌ನಲ್ಲಿ ಇದಕ್ಕೂ ಜಾಗ ಕೊಡಿ ಅಂತ ಕೇಂದ್ರಕ್ಕೆ ರಾಜ್ಯದಿಂದ ಪ್ರಸ್ತಾವ ಹೋಗಲಿ. ಪುನರ್ವಸತಿ ಸೇವೆ ಕೊಡುವುದು, ಅದರ ಸಂಶೋಧನೆ ನಡೆಸುವುದು ಸರ್ಕಾರದ ಕರ್ತವ್ಯ ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಹೇಳಿದೆ.

ಈ ಕೆಲಸಕ್ಕೆ ಸಮಿತಿ ಮಾಡಿದರೆ ಕಾಲು ಕಳೆದುಕೊಂಡವರನ್ನೂ ಸೇರಿಸಿ. ಹ್ಯೂ ಹರ್ ಎರಡೂ ಕಾಲು ಕಳೆದುಕೊಂಡವರು. 1982ರಲ್ಲಿ, ಹದಿನೇಳರ ಹುಡುಗನಾಗಿದ್ದಾಗ, ಬೆಟ್ಟ ಹತ್ತಲು ಹೋಗಿ ಹಿಮದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಸಾಕೆಟ್ ಎಲ್ಲಿ ಒತ್ತುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮಲ್ಲೂ ಅಂಥ ತಿಳಿವಳಿಕೆ ಇರುವ ಹೆಂಗಸರು, ಗಂಡಸರು ಪ್ರತಿ ಹೋಬಳಿಯಲ್ಲಿದ್ದಾರೆ. ಯಾರೂ ಅವರನ್ನು ಕರೆದು ಕೇಳಿಲ್ಲ.

ಮೈಸೂರಿನಲ್ಲೋ ಮಂಡ್ಯದಲ್ಲೋ ಈ ಬಗ್ಗೆ ಒಂದು ಸಭೆ ಕರೆಯಿರಿ. ಎರಡೂ ಕಾಲೇಜಿನ ಡಾಕ್ಟರುಗಳು ಬರಲಿ, ವಿಕಲಚೇತನರ ಇಲಾಖೆಯವರೂ ಬರಲಿ. ನಮ್ಮ ತಾಲ್ಲೂಕಿನಿಂದ ನಾವು ಬರುತ್ತೇವೆ. ಸಭೆ ನೆಲಮಹಡಿಯಲ್ಲಿರಲಿ.

ಇಂತಿ,
ಪಾಂಡವಪುರ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ